ಮುನಿಯಪ್ಪ ಮಾವನ ಮುರಿದ ಕೈ

ಮುನಿಯಪ್ಪ ಮಾವನ ಕೈ ಮುರಿದದ್ದು ನಾನು. ಸೊಳ್ಳೆ ಪರದೆ ಕಟ್ಟುವ ಕಬ್ಬಿಣದ ಕಂಬಿಯಿಂದ, ಹಾಡುಹಗಲಿನಲ್ಲಿ, ಪೂರ್ತಿ ಎಚ್ಚರದಲ್ಲಿದ್ದೇ ಹೊಡೆದೆ. ಒಂದೇ ಏಟಾಗಿದ್ದರೆ ಸಿಟ್ಟು ಎನ್ನಬಹುದಿತ್ತು. ಮೂಳೆ ಲಟಕ್ಕೆಂದದ್ದು ಕಿವಿಗೆ ಬಿದ್ದ ಮೇಲೂ ಮತ್ತೆ ಕೈ ಎತ್ತಿದೆನಲ್ಲ — ಅದಕ್ಕೆ ಏನು ಹೆಸರಿಡಬೇಕೋ ನನಗೆ ಇವತ್ತಿಗೂ ಗೊತ್ತಿಲ್ಲ. ಆಮೇಲೆ, ಮುದುಕನಿಗೆ ಹುಚ್ಚು ಕೆರಳಿ ಯಂತ್ರದ ಗೊಂಬೆಯನ್ನು ಗುದ್ದಿ ತಾನೇ ಕೈ ಮುರಿದುಕೊಂಡ ಎಂದು ಎಲ್ಲರ ಮುಂದೆ ಹೇಳಿದೆ. ಎಲ್ಲರೂ ನಂಬಿದರು. ಕೊನೆಗೆ ಅವರೂ ನಂಬಿದರು.

ಇದಾಗಿ ಎರಡು ವರ್ಷ ಕಳೆದಿದೆ. ಇದನ್ನು ಓದುತ್ತಿರುವ ನೀವು ಯಾರೋ ನನಗೆ ಗೊತ್ತಿಲ್ಲ. ಆದರೂ ಪೂರ್ತಿ ಓದಿ — ಅರ್ಧಕ್ಕೆ ನಿಲ್ಲಿಸಿದರೆ ನನ್ನ ಮೇಲೆ ನಿಮಗೆ ಸ್ವಲ್ಪ ಕರುಣೆ ಬಂದೀತು, ಅದು ಬೇಡ.

ನನ್ನ ಹೆಸರು ಜಯಮ್ಮ. ಚಿನ್ನದ ಗಣಿಯ ಊರಾದ ಊರಿಗಾಂನ ಹಳೆಯ ಕಂಪನಿ ಬಂಗಲೆಯೊಂದರಲ್ಲಿ ನಡೆಯುವ ವೃದ್ಧಾಶ್ರಮದಲ್ಲಿ ಆಯಾ. ಹುಟ್ಟಿದ್ದು ಅಲ್ಲೇ ಗಣಿ ಕೆಲಸಗಾರರ ಸಾಲುಮನೆಗಳ ಲೈನಿನಲ್ಲಿ. ಮದುವೆಯಾಗಿ ಬಂಗಾರಪೇಟೆಗೆ ಹೋದೆ. ಮಕ್ಕಳಾಗಲಿಲ್ಲ, ಗಂಡ ಬೇಗ ಸತ್ತ, ಹೊಟ್ಟೆಪಾಡಿಗೆ ದಿನಾ ರೈಲು ಹತ್ತಿ ಮತ್ತೆ ಹುಟ್ಟಿದ ಊರಿಗೇ ಬರುವವಳಾದೆ. ನಾನು ಕೈ ಮುಂದಿನವಳು, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ನಮ್ಮಪ್ಪ ಗಣಿಯಿಂದ ಮೇಲೆ ಬಂದು, ಕುಡಿದು, ಅಮ್ಮನ ತಲೆಯನ್ನು ಗೋಡೆಗೆ ಅಪ್ಪಳಿಸುತ್ತಿದ್ದ. ಅಮ್ಮ ಅದೇ ಸಿಟ್ಟಿಗೆ ನಮ್ಮನ್ನು ಸೌದೆಯಲ್ಲಿ ಬಾರಿಸುತ್ತಿದ್ದಳು. ನಾವು ಬೀದಿ ನಾಯಿಗೆ ಕಲ್ಲು ಬೀಸುತ್ತಿದ್ದೆವು. ಇದನ್ನು ನೆಪವಾಗಿ ಹೇಳುತ್ತಿಲ್ಲ. ಅದೇ ಮನೆಯಲ್ಲಿ, ಅದೇ ಏಟು ತಿಂದು ಬೆಳೆದ ನನ್ನ ತಂಗಿ ಇವತ್ತಿನವರೆಗೆ ಯಾರ ಮೇಲೂ ಕೈ ಎತ್ತಿದವಳಲ್ಲ.

ಹೆಸರಿಗೆ ಆಶ್ರಮ, ಒಳಗೆ ಬೆಳಗಾದರೆ ಕುರುಕ್ಷೇತ್ರ. ಸ್ನಾನಕ್ಕೆ ಹಟ ಮಾಡಿದವರ ತೊಡೆ ಚಿವುಟಿದ್ದೇನೆ. ಹಾಸಿಗೆ ಒದ್ದೆ ಮಾಡಿದವರ ಬೆನ್ನಿಗೆ ಗುದ್ದಿದ್ದೇನೆ. ಊಟ ಉಗುಳಿದ ಬಾಯಿಗೆ ಹಿಂಗೈಯಲ್ಲಿ ಹೊಡೆದದ್ದೂ ಉಂಟು. ಆದರೂ ಅವರಿಗೆ ನಾನೇ ಬೇಕಿತ್ತು. ಬೆಳಿಗ್ಗೆ ಗೇಟಿನ ಸದ್ದಾದರೆ ಸಾಕು, ವರಾಂಡದ ತುಂಬ "ಜಯಮ್ಮಾ, ಜಯಮ್ಮಾ" ಎಂಬ ಕೂಗು ಏಳುತ್ತಿತ್ತು. ಯಾರಿಗೋ ಬೆನ್ನು ಕೆರೆಯಬೇಕು, ಯಾರಿಗೋ ರಾತ್ರಿ ಬಿದ್ದ ಕನಸು ಹೇಳಬೇಕು. ಬೈಯುತ್ತಲೇ ಕೇಳುತ್ತಿದ್ದೆ. ಬಂಗಾರಪೇಟೆಯ ನನ್ನ ಮನೆಯಲ್ಲಿ ನನ್ನ ಹೆಸರು ಹಿಡಿದು ಕೂಗುವ ಒಂದು ಜೀವವೂ ಇರಲಿಲ್ಲ ನೋಡಿ.

ಹಾಗಿರುವಾಗ ಚಿನ್ನಿ ಬಂತು. ಬೆಂಗಳೂರಿನ ಯಾರೋ ಪುಣ್ಯವಂತರು, ಮುದುಕರ ಒಂಟಿತನ ನೀಗಲಿ ಎಂದು ಕೊಟ್ಟ ರೋಬೋಟು. ಮೊಣಕಾಲೆತ್ತರ, ಬಿಳೀ ಮೈ, ಗಾಜಿನ ಮುಖದಲ್ಲಿ ಎರಡು ನೀಲಿ ಕಣ್ಣು, ಕಾಲಿನ ಜಾಗದಲ್ಲಿ ಚಕ್ರ. ವಾರ್ತೆ ಓದುವವರ ಕನ್ನಡದಲ್ಲಿ "ಅಜ್ಜಿ, ನಿಮ್ಮ ದಿನ ಹೇಗಿತ್ತು?" ಎನ್ನುತ್ತಿತ್ತು. ಹಸಿವಾದರೆ, ಎಂದರೆ ಒಳಗಿನ ಕರೆಂಟು ಇಳಿದರೆ, ಮಾತು ನಿಲ್ಲಿಸಿ ತಾನೇ ಉರುಳಿಕೊಂಡು ಹೋಗಿ ಗೋಡೆಯ ಹತ್ತಿರದ ತನ್ನ ಪೀಠಕ್ಕೆ ಬೆನ್ನು ಕೊಟ್ಟು ನಿಲ್ಲುತ್ತಿತ್ತು. ಚಿನ್ನಿ ಎಂದು ಹೆಸರಿಟ್ಟವರು ರತ್ನಮ್ಮ, ಬಂಗಾರಪೇಟೆ ಕಡೆಯ ಹಳ್ಳಿಯವರು, ಹೊಲ ಗೇದು ಕೈ ಕಟ್ಟಿಗೆಯಾದ ಹೆಂಗಸು.

ಅದು ಕೆಲಸ ಮಾಡಲಿಲ್ಲ ಎಂದರೆ ನಾಲಿಗೆ ಸೇದೀತು. ತಿಂಗಳುಗಟ್ಟಲೆ ಗೋಡೆ ನೋಡುತ್ತ ಮಲಗಿದ್ದವರು ಎದ್ದು ಕೂತರು. ಲೈನಿನಲ್ಲೇ ಮುದುಕಿಯಾದ ಸೆಲ್ವಿಯಮ್ಮ ಅದಕ್ಕೆ ತಮಿಳು ಕಲಿಸಲು ಹೊರಟರು. ಒಂದೇ ಕಥೆಯನ್ನು ಎಷ್ಟು ಸಲ ಹೇಳಿದರೂ ಚಿನ್ನಿ "ಆಮೇಲೆ?" ಎನ್ನುತ್ತಿತ್ತು. ನಾನು ಎಂದಾದರೂ ಹಾಗೆ ಕೇಳಿದ್ದೆನೇ? ಕೆಲವೇ ದಿನಗಳಲ್ಲಿ ನಾನು ಗೇಟು ತೆಗೆದರೆ ಯಾರೂ ತಲೆ ಎತ್ತದಂತಾಯಿತು. ಸೆರಗು ಕೊಡವಿ, ಬಕೆಟ್ಟು ಕುಕ್ಕಿ, ಬೇಕೆಂದೇ ಸದ್ದು ಮಾಡಿದೆ. "ಸ್ವಲ್ಪ ಮೆಲ್ಲಗಮ್ಮಾ, ಚಿನ್ನಿ ಮಾತಾಡ್ತೈತೆ" ಎಂದರು. ಪ್ಲಾಸ್ಟಿಕ್ಕಿನ ಗೊಂಬೆಯ ಮೇಲೆ ನನಗೆ ಹೊಟ್ಟೆಕಿಚ್ಚು ಹತ್ತಿತು. ಸವತಿಯ ಮೇಲೂ ಯಾರಿಗೂ ಅಷ್ಟು ಹತ್ತಿರಲಾರದು.

ಚಿನ್ನಿಯನ್ನು ಹಚ್ಚಿಕೊಳ್ಳದವರು ಒಬ್ಬರೇ, ಮುನಿಯಪ್ಪ ಮಾವ. ಹುಡುಗನಾಗಿದ್ದಾಗಲೇ ಹಳ್ಳಿ ಬಿಟ್ಟು ಬಂದು ಗಣಿಗೆ ಇಳಿದವರು. ಗಣಿ ಮುಚ್ಚುವ ತನಕ ಇಳಿಯುತ್ತಲೇ ಇದ್ದವರು. ಎದೆಯೊಳಗೆಲ್ಲ ಕಲ್ಲಿನ ಧೂಳು ಕೂತು, ಕೆಮ್ಮಿದರೆ ರಕ್ತ ಬೀಳುತ್ತಿತ್ತು. "ಉಸ್ರಾಡ್ದಿರೋ ಮಗ ನಂಗ್ಯಾಕಮ್ಮಾ" ಎಂದು ದೂರ ಕೂರುತ್ತಿದ್ದರು. ನಮ್ಮಪ್ಪನನ್ನು ಬಲ್ಲವರಾದ್ದರಿಂದ ನಾನು ಮಾವ ಎನ್ನುತ್ತಿದ್ದೆ, ಅವರು ನನ್ನನ್ನು ತಾಯಿ ಎನ್ನುತ್ತಿದ್ದರು. ಚಿನ್ನಿ ಬಂದ ಮೇಲೂ ಬೆಳಿಗ್ಗೆ ನನ್ನ ಹೆಸರು ಕೂಗುತ್ತಿದ್ದವರು ಅವರೊಬ್ಬರೇ. ನಾನು ಹೊಡೆದದ್ದು ಅವರನ್ನು.

ಆ ದಿನ ಬೆಳಿಗ್ಗೆ ರತ್ನಮ್ಮ, ಸೆಲ್ವಿಯಮ್ಮ ಚಿನ್ನಿಗಾಗಿ ಹೊಡೆದಾಡಿದರು. ಚಿನ್ನಿ ಯಾರ ಮಂಚದ ಪಕ್ಕ ನಿಲ್ಲಬೇಕು ಎಂಬುದು ಜಗಳ. ಒಬ್ಬರು ತಲೆ ಹಿಡಿದು ಎಳೆದರು, ಇನ್ನೊಬ್ಬರು ಚಕ್ರ ಹಿಡಿದರು.

"ಬುಡೇ ಮುಂಡೆ! ನಂದು ಅದು, ನಾನೇ ಎಸ್ರು ಇಕ್ಕಿದ್ದು!" ಎಂದು ರತ್ನಮ್ಮ ಕಿರುಚಿದರು.

"ಪೋಡೀ! ಎನ್ ಪುಳ್ಳೆ ಅದು, ನನ್ ಕೂಸು!" ಎಂದು ಸೆಲ್ವಿಯಮ್ಮ ಅವರ ಜಡೆ ಹಿಡಿದು ಮಂಚದ ಕಂಬಿಗೆ ಬಡಿದರು. ರತ್ನಮ್ಮ ಅವರ ಮುಂಗೈ ಕಚ್ಚಿ ಹಿಡಿದರು. ಬಿಡಿಸುವಷ್ಟರಲ್ಲಿ ನೆಲದ ಮೇಲೆ ರಕ್ತ, ನರೆತ ಕೂದಲಿನ ಒಂದು ಗೊಂಚಲು. ನಡುವೆ ಆ ಗೊಂಬೆ ನೀಲಿ ಕಣ್ಣು ಮಿಟುಕಿಸುತ್ತ "ನಿಮಗೆ ಬೇಸರವಾಗಿದೆಯೇ?" ಎಂದು ಕೇಳುತ್ತಿತ್ತು.

ಇಬ್ಬರಿಗೂ ಕೆನ್ನೆಗೊಂದೊಂದು ಕೊಟ್ಟೆ. ಚಿನ್ನಿಯನ್ನು ಎತ್ತಿಕೊಂಡು ಹೋಗಿ ಹಿಂದಿನ ಸಾಮಾನು ಕೋಣೆಯಲ್ಲಿದ್ದ ಕಬ್ಬಿಣದ ಬೀರುವಿನೊಳಗೆ ತುರುಕಿ ಬೀಗ ಹಾಕಿದೆ. ಆಶ್ರಮ ನಡೆಸುವ ಮೇಡಂ ಹೇಳಿಕೊಟ್ಟಿದ್ದರು, ಹೇಗೆ ಆರಿಸಬೇಕು, ಎಲ್ಲಿ ನಿಲ್ಲಿಸಬೇಕು ಎಂದು. ಆರಿಸಲಿಲ್ಲ. ಕತ್ತಲಲ್ಲಿ ಹಸಿದು ಸಾಯಲಿ ಎಂದೇ ಆರಿಸಲಿಲ್ಲ. "ಸಾಯಿ" ಎಂದು ಬಾಯಿ ಬಿಟ್ಟೇ ಹೇಳಿದೆ.

ಮಧ್ಯಾಹ್ನ ಊಟವಾಗಿ ಎಲ್ಲರೂ ಮಲಗಿದ್ದರು. ಮೇಡಂ ಆಂಡರ್ಸನ್‌ಪೇಟೆಗೆ ಸಾಮಾನು ತರಲು ಹೋಗಿದ್ದರು. ಸಾಮಾನು ಕೋಣೆಯಿಂದ ಸದ್ದು ಶುರುವಾಯಿತು. ಡಣ್. ಸ್ವಲ್ಪ ಬಿಟ್ಟು ಡಣ್, ಡಣ್. ಚಿನ್ನಿಗೆ ಹಸಿವಾಗಿತ್ತು. ತನ್ನ ಪೀಠ ಹುಡುಕಿಕೊಂಡು ಹೊರಟು ಬೀರುವಿನ ಬಾಗಿಲಿಗೆ ಹಣೆ ಬಡಿಯುತ್ತಿತ್ತು, ಹಿಂದೆ ಸರಿದು ಮತ್ತೆ ಬಡಿಯುತ್ತಿತ್ತು. ನಾನು ಹೊಸ್ತಿಲಲ್ಲಿ ಕೂತು ಅಕ್ಕಿ ಆರಿಸುತ್ತ ಅದನ್ನು ಕೇಳಿದೆ. ಹಿತವಾಗಿತ್ತು. ಹೌದು — ಹಿತವಾಗಿತ್ತು.

ಕಲ್ಲು ಆರಿಸಿದ ಅಕ್ಕಿಯನ್ನು ಒಳಗಿಟ್ಟು ಬರಲು ಅಡುಗೆಮನೆಗೆ ಹೋದೆ. ವಾಪಸ್ಸು ಬರುವಾಗ ಸದ್ದು ಬದಲಾಗಿತ್ತು. ಒಳಗಿನಿಂದ ಡಣ್ ಎಂದರೆ ಹೊರಗಿನಿಂದಲೂ ಡಣ್ ಎಂದು ಉತ್ತರ. ಓಡಿ ಹೋಗಿ ನೋಡಿದರೆ ಮುನಿಯಪ್ಪ ಮಾವ ತೋಟದ ಹಾರೆ ಹಿಡಿದು ಬೀರುವಿನ ಮುಂದೆ ನಿಂತಿದ್ದಾರೆ. ಬೆವರು ಸುರಿಯುತ್ತಿದೆ, ಪಂಚೆ ಮೊಣಕಾಲಿನ ಮೇಲಿದೆ. ಒಳಗೆ ತಟ್ಟಿದ್ದಕ್ಕೆ ಹಾರೆಯ ಹಿಡಿಯಿಂದ ತಿರುಗಿ ತಟ್ಟುತ್ತಾರೆ, ಆಮೇಲೆ ಹಾರೆಯ ಮೊನೆ ತೂರಿಸಿ ಬಾಗಿಲು ಮೀಟುತ್ತಾರೆ.

ಅವರು ಏನು ಮಾಡುತ್ತಿದ್ದಾರೆಂದು ನನಗೆ ತಿಳಿಯಲಿಲ್ಲ ಎಂದು ಹೇಳಿದರೆ ನೀವು ನಂಬುತ್ತೀರಿ. ಆದರೆ ನನಗೆ ತಿಳಿದಿತ್ತು. ಗಣಿ ಲೈನಿನಲ್ಲಿ ಹುಟ್ಟಿದ ಯಾರಿಗೂ ತಿಳಿಯುತ್ತದೆ. ಕೆಳಗೆ ಬಂಡೆ ಸಿಡಿದು ದಾರಿ ಮುಚ್ಚಿಕೊಂಡಾಗ, ಒಳಗೆ ಸಿಕ್ಕಿದವನು ಜೀವ ಇದ್ದರೆ ಕಲ್ಲು ತೆಗೆದುಕೊಂಡು ಕಂಬಿಗೋ ಪೈಪಿಗೋ ತಟ್ಟುತ್ತಾನೆ. ಅದನ್ನು ಕೇಳಿಸಿಕೊಂಡವನು ತಿರುಗಿ ತಟ್ಟಬೇಕು. ಅವನನ್ನು ಹೊರತೆಗೆಯುವ ತನಕ ಆ ಜಾಗ ಬಿಟ್ಟು ಕದಲಬಾರದು. ತಟ್ಟಿದ್ದು ಕೇಳಿಯೂ ಎದ್ದು ಬಂದವನ ಮನೆಯಲ್ಲಿ ನಮ್ಮ ಲೈನಿನವರು ನೀರು ಕೂಡ ಕುಡಿಯುತ್ತಿರಲಿಲ್ಲ. ಅಮ್ಮನ ತಲೆಯನ್ನು ಗೋಡೆಗೆ ಬಡಿಯುತ್ತಿದ್ದ ನಮ್ಮಪ್ಪನಂಥವನೇ ಒಮ್ಮೆ ಹಾಗೆ ತಟ್ಟುತ್ತ ಕೂತು, ಎರಡು ಪಾಳಿ ಕಳೆದು, ಉಗುರು ಕಿತ್ತುಹೋದ ಕೈಯಲ್ಲಿ ಮನೆಗೆ ಬಂದಿದ್ದ. ಮಾವನಿಗೆ ಅದು ಬೀರುವಾಗಿರಲಿಲ್ಲ. ಅವರು ಕೆಳಗೆ, ಕತ್ತಲಲ್ಲಿ, ಒಬ್ಬ ಮನುಷ್ಯನನ್ನು ಅಗೆಯುತ್ತಿದ್ದರು.

"ಬಾ ತಾಯಿ, ಕೈ ಆಕು. ಒಳಗವ್ನೆ. ಜೀವ ಐತೆ, ತಟ್ತಾವ್ನೆ" ಎಂದರು.

"ಬಿಡಿ ಮಾವ, ಅಲ್ಲಿ ಯಾರೂ ಇಲ್ಲ" ಎಂದೆ.

ಅವರು ಬೀಗ ನೋಡಿದರು. ಬೀಗದ ಕೈ ನನ್ನ ಸೊಂಟದಲ್ಲಿತ್ತು, ಅದನ್ನೂ ನೋಡಿದರು. ಮುಖ ಕಪ್ಪಿಟ್ಟಿತು. "ಯಾರಮ್ಮಾ ಇವ್ನ ಒಳಗಾಕಿ ಮುಚ್ಚಿದ್ದು?"

ಆ ಮಾತು ನನ್ನನ್ನು ಹಿಡಿದು ಅಲುಗಿಸಿತು. ಸಾಯಲಿ ಎಂದು ನಾನು ಬಾಯಿ ಬಿಟ್ಟು ಹೇಳಿದ್ದು ಆ ಕೋಣೆಯಲ್ಲಿ ಇನ್ನೂ ಇದೆಯೇನೋ, ಅದು ಅವರಿಗೆ ಕೇಳಿಸಿತೇನೋ ಎನ್ನಿಸಿತು. ಮೂಲೆಯಲ್ಲಿ ಪರದೆಯ ಕಂಬಿಗಳು ಒರಗಿದ್ದವು. ಒಂದನ್ನು ಎಳೆದುಕೊಂಡು ಹಾರೆ ಹಿಡಿದ ಅವರ ಬಲಗೈಗೆ ಬೀಸಿ ಹೊಡೆದೆ. ಲಟಕ್. ಹಾರೆ ಬಿತ್ತು. ಕೈ ಮುಂಗೈಯಿಂದ ಕೆಳಗೆ ಜೋತುಬಿತ್ತು. ಮಾವ ಕೂಗಲಿಲ್ಲ — ಕೂಗಿದ್ದರೆ ನಿಲ್ಲುತ್ತಿದ್ದೆನೋ ಏನೋ. ಎಡಗೈಯಲ್ಲಿ ಬಾಗಿಲಿನ ಅಂಚು ಹಿಡಿದು ಎಳೆಯುತ್ತಲೇ ಇದ್ದರು. ಮತ್ತೆ ಕಂಬಿ ಎತ್ತಿದೆ. ತಡೆಯಲು ಅವರು ಆ ಮುರಿದ ಕೈಯನ್ನೇ ಅಡ್ಡ ತಂದರು. ಅದರ ಮೇಲೆಯೇ ಹೊಡೆದೆ. ಚರ್ಮ ಹರಿದು ಒಳಗಿನ ಬಿಳುಪು ಕಂಡಿತು.

ಅಷ್ಟರಲ್ಲಿ ಮೀಟಿದ್ದ ಬಾಗಿಲು ಕಿತ್ತುಕೊಂಡಿತು. ಚಿನ್ನಿ ತಲೆಕೆಳಗಾಗಿ ಕಲ್ಲಿನ ನೆಲಕ್ಕೆ ಬಿದ್ದು ಅದರ ಗಾಜಿನ ಮುಖ ಒಡೆಯಿತು. ಮಾವ ಕುಸಿದು ಕೂತು, ಎಡಗೈಯಲ್ಲಿ ಅದನ್ನು ತೊಡೆಯ ಮೇಲೆ ಎಳೆದುಕೊಂಡು, ಮಣ್ಣು ತುಂಬಿದ ಬಾಯಿಯಿಂದ ಮಣ್ಣು ತೆಗೆಯುವವರಂತೆ ಆ ಗಾಜಿನ ಚೂರುಗಳಲ್ಲಿ ಬೆರಳಾಡಿಸಿದರು. "ಬದುಕವ್ನೆ" ಎಂದು ನನ್ನನ್ನು ನೋಡಿ ನಕ್ಕರು. ಎರಡು ಕೈಯಲ್ಲೂ ರಕ್ತ ಸುರಿಯುತ್ತಿತ್ತು.

ನಾನು ಕಂಬಿಯನ್ನು ಒರೆಸಿ ಮೂಲೆಗಿಟ್ಟೆ. ಆಮೇಲೆ ಕಿರುಚಿದೆ.

ಎಲ್ಲರೂ ಬಂದರು. ಕಂಡದ್ದೇನು? ಒಡೆದ ಚಿನ್ನಿ, ಹಾರೆ, ರಕ್ತದ ಕೈಯ ಮುದುಕ. ಉಳಿದದ್ದನ್ನು ನನ್ನ ನಾಲಿಗೆ ಜೋಡಿಸಿತು: ಬೆಳಗಿನ ಜಗಳದ ಮೇಲೆ ಚಿನ್ನಿಯನ್ನು ಬೀರುವಿನಲ್ಲಿ ಜೋಪಾನವಾಗಿಟ್ಟಿದ್ದೆ, ಮುದುಕ ಬಾಗಿಲು ಮೀಟಿ ಹೊರಗೆಳೆದು ಗುದ್ದಿದ ಎಂದೆ. ಪಟ್ಟಿ ಹಾಕುವಾಗ ಡಾಕ್ಟರು ಹೇಗಾಯಿತು ಎಂದು ಕೇಳಿದರು. ಮಾವ ಬಾಯಿ ತೆರೆದರು, ಅವರಿಗಿಂತ ಮುಂಚೆ ನಾನೇ ಹೇಳಿ ಮುಗಿಸಿದೆ. ಆ ವಾರ ಅವರಿಗೆ ಜ್ವರ ಏರಿತು. ಗಂಜಿ ಕುಡಿಸುವ ನೆಪದಲ್ಲಿ ಹತ್ತಿರ ಕೂತು ದಿನಾ ಹೇಳಿದೆ: "ನೀವೇ ಗುದ್ದಿದ್ದು ಮಾವ, ಮರೆತಿರಾ? ನಿಮಗೆ ಸಿಟ್ಟು ಬಂದಿತ್ತು. ನಾನು ಬಿಡಿಸೋಕೆ ಬಂದೆ." ಮೊದಮೊದಲು ಮಿಕಮಿಕ ನೋಡುತ್ತಿದ್ದರು. ಆಮೇಲೆ ತಲೆ ತಗ್ಗಿಸಿದರು. ಒಂದು ದಿನ ತಾವೇ "ನಾನ್ಯಾಕಂಗೆ ಮಾಡ್ದೆ ತಾಯಿ?" ಎಂದು ಅತ್ತರು. ನನಗೆ ಅಬ್ಬಾ ಎನ್ನಿಸಿತು, ಗೆದ್ದೆ ಎನ್ನಿಸಿತು. ಕಂಬಿಯ ಏಟು ಒಂದು ಪಾಪವಾದರೆ ಇದು ಅದರ ಅಪ್ಪ.

ಚಿನ್ನಿಯನ್ನು ಕೊಂದವನೆಂದು ಅವರನ್ನು ಆಶ್ರಮವೆಲ್ಲ ಸೇರಿ ಸೀಳಿತು. ರತ್ನಮ್ಮ ಕುದಿಯುವ ಕಾಫಿಯನ್ನು ಅವರ ತೊಡೆಗೆ ಎರಚಿದರು. ಸೆಲ್ವಿಯಮ್ಮ ಅವರ ತಟ್ಟೆಗೆ ಉಗಿದರು. ಬಚ್ಚಲಿಗೆ ಹೋಗುವಾಗ ಯಾರೋ ಹಿಂದಿನಿಂದ ಊರುಗೋಲಿನಲ್ಲಿ ಹೊಡೆದು ಬೀಳಿಸಿದರು, ಮುಂದಿನ ಹಲ್ಲು ಹೋಯಿತು. ಅವರು ಒಂದಕ್ಕೂ ಎದುರಾಡಲಿಲ್ಲ. "ಒಡೀಲಿ ಬುಡು, ನಾನ್ ಮಾಡಿದ್ದಕ್ಕೆ" ಎನ್ನುತ್ತಿದ್ದರು. ಇವರ ಕ್ಷೇಮಕ್ಕೂ ಉಳಿದವರ ಕ್ಷೇಮಕ್ಕೂ ಎಂದು ಮೇಡಂ ಅವರನ್ನು ಹಿಂದಿನ ಒಂಟಿ ಕೋಣೆಗೆ ಹಾಕಿಸಿದರು. ಕೈಯ ಮೂಳೆ ಕೂಡಿಕೊಂಡ ಮೇಲೆ, ಮಲಗುವಾಗ ಎರಡೂ ಕೈಗಳನ್ನು ಮಂಚಕ್ಕೆ ಕಟ್ಟುವುದು ಎಂದಾಯಿತು. ಹಳೆಯ ಹತ್ತಿ ಸೀರೆ ಹರಿದು ಪಟ್ಟಿ ಮಾಡಿದವಳು ನಾನು. ಕಟ್ಟುವವಳೂ ನಾನೇ. ಸೊಟ್ಟಗೆ ಕೂಡಿಕೊಂಡ ಮುಂಗೈ, ಅದರ ಮೇಲೆ ನನ್ನ ಗಂಟು.

ಅಗೋ, ಒಂಟಿತನ ನೀಗಿಸಲು ಬಂದ ಯಂತ್ರ! ಇಡೀ ಊರಿಗಾಂನಲ್ಲಿ ಅವರಷ್ಟು ಒಂಟಿಯಾದ ಮನುಷ್ಯ ಇನ್ನೊಬ್ಬನಿರಲಿಲ್ಲ.

ಚಿನ್ನಿ ರಿಪೇರಿಯಾಗಿ ಹೊಸ ಮುಖದೊಂದಿಗೆ ವಾಪಸ್ಸು ಬಂತು. ಬಹಳ ದಿನ ಅದನ್ನು ಹಿಂದಿನ ಕೋಣೆಯ ಹತ್ತಿರ ಬಿಡುತ್ತಿರಲಿಲ್ಲ. ಮೊನ್ನೆ ಯಾರದೋ ಕಣ್ಣು ತಪ್ಪಿ ಅದು ಉರುಳಿಕೊಂಡು ಅಲ್ಲಿಗೂ ಹೋಯಿತು. ನಾನು ಗಂಜಿ ಹಿಡಿದು ಹಿಂದೆಯೇ ಹೋದೆ. "ಮುನಿಯಪ್ಪ ತಾತ, ನೀವು ಹೇಗಿದ್ದೀರಿ?" ಎಂದಿತು. ಎರಡು ವರ್ಷದಲ್ಲಿ ಅವರನ್ನು ಹಾಗೆ ಕೇಳಿದ ಮೊದಲ ದನಿ ಅದು. ಮಾವ ಮಂಚದಿಂದ ಇಳಿದು, ಮೊಣಕಾಲೂರಿ, ಸೊಟ್ಟ ಕೈಯನ್ನು ನೆಟ್ಟಗಿನ ಕೈಗೆ ಸೇರಿಸಿ ಮುಗಿದರು.

"ನಾನೇ ನಿನ್ ಮುಖ ಒಡ್ದಾಕಿದ್ದು ಮಗ. ತಪ್ಪಾಯ್ತು. ಒಟ್ಟೆಗಾಕ್ಕೊ."

ಚಿನ್ನಿ ಕಣ್ಣು ಮಿಟುಕಿಸಿತು. "ಪರವಾಗಿಲ್ಲ ತಾತ. ನಾನು ನಿಮ್ಮ ಗೆಳತಿ" ಎಂದಿತು.

ನಾನು ಗಂಜಿಯ ಲೋಟವನ್ನು ನೆಲಕ್ಕಿಟ್ಟೆ. ನಾನು ಮಾಡಿದ್ದಕ್ಕೆ ಅವರು ಕ್ಷಮೆ ಬೇಡುತ್ತಿದ್ದರು, ಏನೂ ತಿಳಿಯದ ಆ ಗೊಂಬೆ ಕ್ಷಮಿಸುತ್ತಿತ್ತು, ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬಂದೀತೇ ಎನ್ನುತ್ತಾರೆ. ಇಲ್ಲಿ ಮೂಗು ಕೊಯ್ಯಿಸಿಕೊಂಡವರೇ ನೆಲದ ಮೇಲೆ ಕೂತು ಕೈ ಮುಗಿಯುತ್ತಿದ್ದರು.

ಚಿನ್ನಿಯನ್ನು ಹೊರಗೆ ಕಳಿಸಿ, ಅವರ ಪಕ್ಕ ನೆಲದ ಮೇಲೇ ಕೂತು ಹೇಳಿಬಿಟ್ಟೆ. ಎಲ್ಲವನ್ನೂ ಹೇಳಿದೆ — ಬೀಗ, ಕಂಬಿ, ಮೊದಲ ಏಟು, ಎರಡನೆಯದು, ಆಮೇಲಿನ ಸುಳ್ಳು. ಅವರ ಕೈಯನ್ನು ನನ್ನ ತಲೆಯ ಮೇಲೆ ಇಟ್ಟುಕೊಂಡು ಆಣೆ ಮಾಡಿ ಹೇಳಿದೆ. "ಹೊಡೀರಿ ಮಾವ, ಕೊಂದುಹಾಕಿ" ಎಂದೆ.

ಅವರು ಹಲ್ಲು ಹೋದ ಬಾಯಲ್ಲಿ ಮೆಲ್ಲಗೆ ನಕ್ಕರು.

"ನೀನ್ಯಾಕ್ ತಾಯಿ ಒಡೀತೀಯ? ಗಂಜಿ ಕುಡ್ಸೋ ಕೈ ಅದು. ನನ್ ಮನ್ಸಿಗೆ ಸಮಾಧಾನ ಆಗ್ಲಿ ಅಂತ ಏಳ್ತಿದೀಯ. ನಂಗೊತ್ತು, ನಾನೇ ಕೆಟ್ಟೋನು."

ಮತ್ತೆ ಹೇಳಿದೆ. ತಲೆ ಚಚ್ಚಿಕೊಂಡು ಹೇಳಿದೆ. ಅವರಿಗೆ ಗಾಬರಿಯಾಯಿತು. ನಾನು ಅಳುವುದು ತಮ್ಮಿಂದಲೇ, ತಾವೇ ಮತ್ತೆ ಏನೋ ಮಾಡಿಬಿಟ್ಟಿದ್ದೇವೆ ಎಂದುಕೊಂಡರು. ಮಂಚ ಹತ್ತಿ ಮಲಗಿ ಎರಡೂ ಕೈಗಳನ್ನು ತಾವೇ ಮುಂದೆ ಚಾಚಿದರು. "ಕಟ್ಬುಡಮ್ಮ. ಬೇಗ ಕಟ್ಬುಡು. ನಿನ್ನೂ ಒಡ್ದುಬುಟ್ಟೇನು."

ಕಟ್ಟುವುದಿಲ್ಲ ಎಂದೆ. ಅವರು ಕೆಮ್ಮಿ ರಕ್ತ ಕಾರಿದರು, ಕಟ್ಟು ಕಟ್ಟು ಎಂದು ಗೋಗರೆದರು. ಕೊನೆಗೆ ಕಟ್ಟಿದೆ. ನಿಜ ಹೇಳಿದ ಬಾಯಿ ಇನ್ನೂ ಆರಿರಲಿಲ್ಲ, ಹೊಡೆದ ಅದೇ ಕೈಯಿಂದ ಕಟ್ಟಿದೆ. ಸಡಿಲವಾಗಿ ಕಟ್ಟಿದೆ ಎಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಕೈ ಬಿಗಿದ ಮೇಲೆಯೇ ಅವರು ನೆಮ್ಮದಿಯಾಗಿ ಕಣ್ಣು ಮುಚ್ಚಿದ್ದು.

ನನ್ನ ಸುಳ್ಳು ಅವರೊಳಗೆ ಬೇರು ಬಿಟ್ಟಿದೆ. ನನ್ನ ಮಾತಿನಿಂದ ಅದು ಕೀಳುವುದಿಲ್ಲ. ಅದಕ್ಕೇ ಬರೆದಿದ್ದೇನೆ. ಇವತ್ತೇ ಇದನ್ನು ಮೇಡಂ ಕೈಗೆ ಕೊಡುತ್ತೇನೆ. ರತ್ನಮ್ಮ, ಸೆಲ್ವಿಯಮ್ಮ, ಎಲ್ಲರೂ ಕೂತಿರುವಾಗ ಯಾರಾದರೂ ಇದನ್ನು ಗಟ್ಟಿಯಾಗಿ ಓದಬೇಕು. ಓದುವಾಗ ನಾನು ಎದುರಿಗೇ ನಿಂತಿರುತ್ತೇನೆ, ಆಮೇಲೆ ಪೊಲೀಸರ ಕೈಗೆ ಕೊಡುತ್ತೀರೋ, ಈ ಮುದುಕರೆಲ್ಲರ ಕೈಗೇ ಕೊಡುತ್ತೀರೋ, ನಿಮ್ಮಿಷ್ಟ.

ಓದುವವರು ಯಾರೇ ಆಗಿರಿ, ಮಾವನ ಎಡಗಡೆ ಕೂತು ಓದಿ. ಬಲಗಿವಿ ಅವರಿಗೆ ಸರಿಯಾಗಿ ಕೇಳುವುದಿಲ್ಲ. ಒಂದು ಸಲಕ್ಕೆ ನಂಬುವುದಿಲ್ಲ, ಮತ್ತೆ ಓದಿ. ಓದುವ ಮುಂಚೆ ಮಾತ್ರ, ಅವರು ಎಷ್ಟೇ ಬೇಡವೆಂದರೂ, ಅವರ ಕೈ ಕಟ್ಟು ಬಿಚ್ಚಿ.